ಮದ್ರಾಸ್ ಐ

"ಈ ಕೂಲಿಂಗ್ ಗ್ಲಾಸು ಹೆಂಗಸರದ್ದು ಕಣೇ," ಎಂದರು ರಂಗಮ್ಮ, ಸತ್ತ ಮಗನ ಫ್ಯಾಕ್ಟರಿ ಬ್ಯಾಗನ್ನು ಖಾಲಿ ಮಾಡುತ್ತಾ.

ತಿಥಿ ಮುಗಿಸಿ ಗುಬ್ಬಿಯ ನೆಂಟರೆಲ್ಲ ಹಿಂದಿನ ಸಂಜೆ ಹೊರಟಿದ್ದರು. ಮರಳೂರಿನ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಕಾಫಿ ಕುಡಿದ ಮೊದಲ ಬೆಳಗ್ಗೆ ಅದು. ತನುಶ್ರೀ ಕನ್ನಡಕ ಇಸಿದುಕೊಂಡು ನೋಡಿದಳು. ಕಡ್ಡಿಯ ಮೇಲೆ ಪುಟ್ಟ ಬಿಳಿ ಕಲ್ಲುಗಳು. ಆಪರೇಷನ್ ಆಗಿ ಮತ್ತೆ ಡ್ಯೂಟಿಗೆ ಹೋಗತೊಡಗಿದ ವಾರವೆಲ್ಲ ಗಂಡ ದಯಾನಂದ ಮನೆಯೊಳಗೂ ಇದನ್ನೇ ಹಾಕಿಕೊಂಡಿದ್ದ. "ಮದ್ರಾಸ್ ಐ ಬಂದಿದೆ. ನನ್ನ ಕಣ್ಣು ನೋಡ್ಬೇಡ, ನಿಂಗೂ ಅಂಟ್ಕೊಳ್ಳತ್ತೆ," ಎಂದು ನಡುಮನೆಯಲ್ಲಿ ಬೇರೆ ಚಾಪೆ ಹಾಸಿಕೊಂಡಿದ್ದ. ಅವಳು ನೋಡಲಿಲ್ಲ.

ಕೀಹೋಲ್ ಆಪರೇಷನ್ ಮಾಡಿ ಪಿತ್ತಕೋಶ ತೆಗೆಯುವಾಗ ಪಿತ್ತನಾಳಕ್ಕೂ ಪೆಟ್ಟಾಗಿದೆ ಎಂದು ಗೊತ್ತಾದದ್ದು ಬೆಂಗಳೂರಿಗೆ ಒಯ್ದ ಮೇಲೆ. ಅಲ್ಲಿನ ಡಾಕ್ಟರ್ ಅವಳನ್ನು ಕೇಳಿದ್ದರು: "ಕಣ್ಣು ಇಷ್ಟು ಹಳದಿ ಆಗೋವರ್ಗೂ ಮನೇಲಿ ಯಾರೂ ನೋಡ್ಲೇ ಇಲ್ವಾ?"

ತನುಶ್ರೀ ಚಪ್ಪಲಿ ಮೆಟ್ಟಿದಳು.

"ಇವತ್ತೇ ಹೊಸ್ಲು ದಾಟ್ತೀಯೇನೇ? ಜನ ಏನಂತಾರೆ?"

"ಕೊಟ್ಟು ಬರ್ತೀನಿ ಅತ್ತೆ."

"ಯಾರ್ದು ಅಂತ ಗೊತ್ತಾ?"

ಗೊತ್ತಿತ್ತು. ಮಣ್ಣಿಗೆ ಬಂದ ಫ್ಯಾಕ್ಟರಿಯವರಲ್ಲಿ ಹೆಂಗಸು ಒಬ್ಬಳೇ.

ಹಿರೇಹಳ್ಳಿಯ ಫ್ಯಾಕ್ಟರಿ ಗೇಟಿಗೆ ಶಶಿಕಲಾ ಏಪ್ರನ್ನಿನಲ್ಲೇ ಓಡಿಬಂದಳು. ಚೆನ್ನಾಗಿದ್ದಳು. ಇಷ್ಟು ಚೆನ್ನಾಗಿರಬೇಕಿರಲಿಲ್ಲ.

"ಇದು ನಿಮ್ದಾ?"

"ಹೂಂ ಅಕ್ಕ. ದಯಾ ಕೇಳಿದ್ರು, ಕೊಟ್ಟೆ."

ದಯಾ. ಮದುವೆಯಾದಾಗಿನಿಂದ ತನುಶ್ರೀ ಅವನನ್ನು ಕರೆದದ್ದು 'ರೀ' ಎಂದಷ್ಟೇ.

"ಮದ್ರಾಸ್ ಐ ಅಂದ್ರಾ?"

ಶಶಿಕಲಾ ತಲೆ ತಗ್ಗಿಸಿದಳು. "ಇಲ್ಲ ಅಕ್ಕ. ಕ್ಯಾಂಟೀನಲ್ಲಿ ನಮ್ಮ ಎದುರಿಗೇ ಕೂತ್ಕೊಳ್ತಿದ್ರಲ್ಲ, ಕಣ್ಣೆಲ್ಲ ಅರಿಶಿನ. ಇದು ಕಾಮಾಲೆ ಅಂತ ನಾನೇ ಹೇಳ್ದೆ. ಅದಕ್ಕೆ ಅವ್ರು, 'ಹಾಗಲವಾಡಿ ಕಡೆ ನಾಟಿ ಔಷಧಿ ಕೊಡ್ತಾರೆ, ಕುಡೀತೀನಿ, ಮನೇಲಿ ಅವಳು ನೋಡಿದ್ರೆ ಮತ್ತೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾಳೆ, ನಿನ್ ಗ್ಲಾಸ್ ಕೊಟ್ಟಿರು' ಅಂದ್ರು. ವಾಸಿ ಆಗತ್ತೆ ಅನ್ಕೊಂಡೆ."

"ಇಲ್ಲೂ ಹಾಕ್ಕೊಂಡೇ ಇರ್ತಿದ್ರಾ?"

"ಇಲ್ಯಾಕೆ? ಬರ್ತಿದ್ದಂಗೆ ತೆಗೆದಿಡ್ತಿದ್ರು."

ವಾರವಿಡೀ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಅವನು ಇವಳೆದುರು ಬರಿಗಣ್ಣಲ್ಲಿ ಕೂತಿದ್ದ. ಡಬ್ಬಿ ಕಟ್ಟಿದ್ದು ತಾನು.

"ಅವತ್ತೇ ನಿಮಗೊಂದು ಫೋನ್ ಮಾಡ್ಬೇಕಿತ್ತು ಅಕ್ಕ..." ಶಶಿಕಲಾಳ ಕಣ್ಣು ತುಂಬಿ ಹರಿಯಿತು. ತನುಶ್ರೀಗೆ ಇದುವರೆಗೆ ಒಂದು ಹನಿಯೂ ಬಂದಿರಲಿಲ್ಲ. ಅವಳು ಆ ಒದ್ದೆ ಕೆನ್ನೆಗಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕನ್ನಡಕದ ಕಡ್ಡಿ ಬಿಡಿಸಿ ಶಶಿಕಲಾಳ ಕೈಗಿಟ್ಟಳು.

"ನನ್ನ ಮುಂದೆ ಅಳೋದಾದ್ರೆ ಇದನ್ನ ಹಾಕ್ಕೊಂಡು ಅಳಿ."