ಪಾಳು ಮನೆಯ ಮಂದಿ

ಮಕ್ಕಳ ಪತ್ತೇದಾರಿ ಪುಸ್ತಕದ ಮೇಲೆ ಪಾಳು ಮನೆಯ ಚಿತ್ರ ಕಂಡರೆ ಈಗಲೂ ನನಗೆ ಬೀಳಗಿ ಕಡೆಯ ನಮ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಣೆಕಟ್ಟಿನ ಹಿನ್ನೀರು ಬರುವುದಿತ್ತು, ಊರು ಖಾಲಿಯಾಗುತ್ತಿತ್ತು. ಹೊಸ ಜಾಗಕ್ಕೆ ಒಯ್ಯಲೆಂದು ಅಪ್ಪ ಮುಂಬಾಗಿಲಿನ ಚೌಕಟ್ಟು ಕೀಳುತ್ತಿದ್ದ. ಗೋಡೆಯ ಹಳೆ ಮಣ್ಣು ಪಡಸಾಲೆಯ ತುಂಬ ಉದುರುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಕಂಬದ ಪಕ್ಕ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಅವಳಿಗೆ ಶಾಲೆಯಿಂದ ತಂದ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದೆ. ಕತೆ ಎಲ್ಲಿಗೆ ಹೋದರೂ ತಿರುಗಿ ಒಂದು ಪಾಳು ಮನೆಗೇ ಬರುತ್ತಿತ್ತು: ಮುರಿದ ಕಿಟಕಿ, ಬಾವಲಿ, ಕಿರುಗುಟ್ಟುವ ಬಾಗಿಲು. ಓದುತ್ತ ನನ್ನ ಮೈ ಜುಮ್ಮೆನ್ನುತ್ತಿತ್ತು. ಆಯಿ ಮಾತ್ರ ಒಮ್ಮೆಯೂ ಹೆದರಲಿಲ್ಲ.

ಕೊನೆಗೆ ಮಕ್ಕಳು ಆ ಮನೆಯಲ್ಲೇ ಕಳ್ಳನನ್ನು ಹಿಡಿದರು. "ಮುಗೀತು ಬೇ ಆಯಿ" ಎಂದು ಪುಸ್ತಕ ಮುಚ್ಚಿದೆ.

ಆಯಿ ಮೊರ ಕೆಳಗಿಟ್ಟಳು. "ಕಳ್ಳ ಸಿಕ್ಕ, ಛಲೋ ಆತು. ಆ ಮನಿ ಮಂದಿ ಎಲ್ಲಿ ಹೋದ್ರವಾ?"

"ಅದು ಪಾಳು ಮನಿ ಬೇ. ಅಲ್ಲಿ ಯಾರೂ ಇಲ್ಲ."

"ಕಟ್ಟಿದವ್ರು ಇದ್ದಾರಲ್ಲ. ಛಂದಂಗ ನೋಡವಾ, ಪುಸ್ತಕದಾಗ ಎಲ್ಲೋ ಬರದಿರ್ತಾರ."

ಅಷ್ಟರಲ್ಲಿ ಚೌಕಟ್ಟು ಕಳಚಿ ಬಂತು. ಬಿಸಿಲು ಒಮ್ಮೆಲೇ ಆಯಿಯ ಕಾಲತನಕ ನುಗ್ಗಿತು. ನಾನು ಮೊದಲ ಪುಟದಿಂದ ಮತ್ತೆ ಹುಡುಕತೊಡಗಿದೆ.