ಮೋಡದ ದಿನದ ಸ್ನಾನ

"ಕರೆಂಟು ಉಳಿಸಿ, ಸೋಲಾರ್ ನೀರಲ್ಲೇ ಮೀಯಿರಿ" ಎಂದು ಸಾಕಮ್ಮ ಮಹಿಳಾ ಸಂಘದಲ್ಲಿ ಊರಿಗೇ ಬುದ್ಧಿ ಹೇಳಿದವಳು. "ಮೋಡ ಮುಚ್ಚಿದ್ರೆ ನಮ್ಮನೆಯವ್ರು ತಣ್ಣೀರೇ ಹುಯ್ಕೋತಾರೆ" ಎಂಬ ಹೊಗಳಿಕೆ ಬೇರೆ. ಅಂಥ ದಿನ ಗಂಡ ಬೋರೇಗೌಡ ಮಾತ್ರ ಕದ್ದು ಗೀಸರ್ ಹಾಕುತ್ತಿದ್ದ. ಮಿಂದು, ಸ್ವಿಚ್ ಆರಿಸಿ, ಹಲ್ಲು ಕಟಕಟಿಸುತ್ತ ಹೊರಬರುತ್ತಿದ್ದ.

ಇಂದೂ ಹಾಗೇ ಬಂದ. ಸಾಕಮ್ಮ ಬಿಸಿ ಕಾಫಿ ಕೈಗಿತ್ತು, "ಪಾಪ, ಹೆಂಗ್ ನಡುಗ್ತಾ ಇದೀರಿ!" ಎಂದಳು. ಗೌಡ ಕುಡಿಯದೆ ಲೋಟ ಕೆಳಗಿಟ್ಟ.

"ತಪ್ಪಾಯ್ತು ಕಣೇ. ಮೋಡ ಆದಾಗೆಲ್ಲ ನಾನು ಗೀಸರ್ ಹಾಕ್ಕೊಂಡೇ ಮೀತಿದ್ದೆ."

ತನ್ನ ಸ್ನಾನಕ್ಕೆಂದು ಸಾಕಮ್ಮ ಟವೆಲನ್ನು ಹೆಗಲಿಗೇರಿಸಿಕೊಂಡಳು.

"ಗೊತ್ತು ಬುಡಿ. ಇನ್ಮೇಲೆ ಇನ್ನೊಂದ್ ಗಳಿಗೆ ಜಾಸ್ತಿ ಹಾಕಿ. ನನ್ ಸರದೀಲಿ ಕೊನೇ ಚೊಂಬಿಗೆ ತಣ್ಣಗಾಗೋಯ್ತದೆ."