ಕುದುರೆ ಬೀಳುವ ದೃಶ್ಯ

ಶುಕ್ರವಾರ ಸಿನಿಮಾ ಬಿಡುಗಡೆ. ಅದಕ್ಕೆ ಒಪ್ಪಿಗೆ ಕೊಡಬೇಕಾದ ಅಧಿಕಾರಿಯ ಎದುರು ಸೋಮವಾರ ನಿರ್ದೇಶಕನೂ, ದೂರು ಕೊಟ್ಟ ಹೆಂಗಸೂ ಕೂತಿದ್ದರು.

“ಕುದುರೆ ಬೀಳೋದೆಲ್ಲ ಗ್ರಾಫಿಕ್ಸ್ ಸಾರ್,” ಎಂದ ನಿರ್ದೇಶಕ.

“ಮುಂಗಾಲಿಗೆ ತಂತಿ ಕಟ್ಟಿ ಎಳೆದರು,” ಎಂದಳು ಅವಳು. “ಕಾಲು ಮುರೀತು. ಪಶುವೈದ್ಯರು ಬರೆದುಕೊಟ್ಟ ಚೀಟಿ ಇದು.”

ಅಧಿಕಾರಿ ಚೀಟಿ ಓದಿದರು. ದೃಶ್ಯವನ್ನು ಎರಡು ಸಲ ನೋಡಿದರು. ಅವಳು ಗೋಡೆ ನೋಡುತ್ತಿದ್ದಳು.

“ಅಭಿವ್ಯಕ್ತಿ ಸ್ವಾತಂತ್ರ್ಯ ಅಂತ ಒಂದಿದೆಯಲ್ಲ ಸಾರ್?”

“ಮೂಕಪ್ರಾಣೀನ ಹಿಂಸೆ ಮಾಡಿ ಅದನ್ನೇ ತೋರಿಸೋಕೆ ಇಲ್ಲ ಕಣ್ರೀ. ತನಿಖೆ ಮುಗಿಯೋವರೆಗೂ ಸಿನಿಮಾ ಬಿಡೋ ಹಾಗಿಲ್ಲ.” ಅಧಿಕಾರಿ ಸಹಿ ಹಾಕಿದರು.

ನಿರ್ದೇಶಕ ಕುರ್ಚಿ ತಳ್ಳಿ ಎದ್ದ.

“ಮೂರು ವರ್ಷದ ಕೆಲಸ ಮಣ್ಣುಪಾಲು ಮಾಡಿದ್ಯಲ್ಲಮ್ಮ! ಆ ಕುದುರೆಗೆ ನೀನೇನಾಗ್ಬೇಕು? ಅಕ್ಕನೋ, ತಂಗಿನೋ?”

“ಕುದುರೆಗೆ ಏನೂ ಆಗ್ಬೇಕಿಲ್ಲ,” ಎಂದಳು ಅವಳು. “ಅದರ ಕೆಳಗೆ ಸಿಕ್ಕಿ ಸತ್ತ ಸವಾರನ ಹೆಂಡತಿ ನಾನು. ಆ ಸಾವಿಗೆ ಸಿನಿಮಾ ನಿಲ್ಲಿಸೋ ಕಾನೂನು ಇಲ್ಲವಂತೆ, ಮೊದಲೇ ಕೇಳಿ ನೋಡಿದ್ದೆ.”